ಸೈಕಲ್ ತುಳಿಯುವ ಅಳಿಯ

ಕೆಲವರ ಹಣೆಯಲ್ಲಿ ಮರ್ಯಾದೆ ಬರೆದಿರುತ್ತದೆ; ನನ್ನ ಹಣೆಯಲ್ಲಿ ಅದನ್ನು ಕಳೆದುಕೊಳ್ಳುವ ಕೆಲಸ ಬರೆದಿತ್ತು. ಒಂದು ತಂಡಕ್ಕಾಗಿ ರಸ್ತೆ ರೇಸುಗಳಲ್ಲಿ ಸೈಕಲ್ ತುಳಿದು ಸಂಬಳ ತೆಗೆದುಕೊಂಡವನು ನಾನು. ಈಗ ನಿವೃತ್ತ. ಇದೂ ಒಂದು ನೌಕರಿಯೇ ಎಂದು ಗಜೇಂದ್ರಗಡದ ನನ್ನ ಮಾವನವರನ್ನು ಒಪ್ಪಿಸಬೇಕೆಂಬುದೊಂದೇ ಆಗಿನ ಆಸೆ. ಒಪ್ಪಿಸಲು ಹೋದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು.

೧. ಕನ್ಯೆ ನೋಡಲು ಹೋದದ್ದು

ಮಾವನವರದು ಪೇಟೆಯಲ್ಲಿ ಕಾಳಿನ ವ್ಯಾಪಾರ. ಕನ್ಯೆ ನೋಡಲು ಹೋದ ದಿನ ಬಾಗಿಲಲ್ಲೇ ಕಾಲು ತೊಳೆಯಲು ತಂಬಿಗೆ ನೀರು ಕೊಟ್ಟರು. ಪ್ಯಾಂಟು ಮೇಲೆ ಸರಿಸಿದೆ. ಬಿದ್ದು ಗಾಯವಾದರೆ ಪಟ್ಟಿ ಕಟ್ಟಲು ಸಲೀಸಾಗಲಿ ಎಂದು ನಮ್ಮ ಕಸಬಿನವರು ಕಾಲಿನ ಕೂದಲು ಬೋಳಿಸಿಕೊಳ್ಳುತ್ತಾರೆ. ಮಾವನವರ ಕಣ್ಣು ಅಲ್ಲೇ ನೆಟ್ಟಿತು.

"ಕಾಲಿಗೆ ಏನಾಗೇತ್ರಿ?"

"ಏನಿಲ್ರಿ, ಬೋಳಿಸೀನ್ರಿ."

ಅವರು ದನಿ ತಗ್ಗಿಸಿ ಕೇಳಿದರು: "ಯಾರು ತೀರ್ಕೊಂಡ್ರು? ನಮ್ಮ ಕಡೆ ತಲಿ ಬೋಳಸ್ತಾರ್ರಿ. ನಿಮ್ಮ ಕಡೆ ಕಾಲೇನು?"

ಒಳಗಿನಿಂದ ಕನ್ಯೆ ಕಿಸಕ್ಕನೆ ನಕ್ಕದ್ದು ಕೇಳಿಸಿತು. ನಾನು ಗಡಬಡಿಸಿ ಪ್ಯಾಂಟು ಕೆಳಗೆ ಎಳೆದುಕೊಂಡೆ.

೨. ಮೊದಲ ದೀಪಾವಳಿ

ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ನಮ್ಮೂರು ನರಗುಂದದಿಂದ ರೇಸಿನ ಸೈಕಲ್ಲಿನಲ್ಲೇ ಹೋದೆ. ಅದರ ಚೌಕಟ್ಟು ಕಾರ್ಬನ್ನಿನದು, ಹೂವಿನಷ್ಟು ಹಗುರ. ಮಾವನವರು ಸುತ್ತ ತಿರುಗಿ ನೋಡಿದರು.

"ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಗಂಟಿ ಇಲ್ಲ. ಪಾಪ, ನಿಮಗ ಅರ್ಧಾ ಸೈಕಲ್ ಕೊಟ್ಟಾರ!"

ನಾನು ಎಣ್ಣೆ ಹಚ್ಚಿಕೊಂಡು ಜಳಕ ಮುಗಿಸಿ ಬರುವಷ್ಟರಲ್ಲಿ ಉಳಿದರ್ಧವನ್ನು ಅವರೇ ಹಾಕಿಸಿದ್ದರು. ಕಾರ್ಬನ್ನಿಗೆ ತೂತು ಕೊರೆಸಿ ಕ್ಯಾರಿಯರ್ ಕೂರಿಸಿದ್ದರು. ತೂತು ಬಿದ್ದ ಕಾರ್ಬನ್ ತೂಕ ತಡೆಯುವುದಿಲ್ಲ; ನನಗೆ ಅಳುವೇ ಬಂತು. ಅದನ್ನು ಆನಂದಬಾಷ್ಪವೆಂದು ತಿಳಿದ ಮಾವನವರು ಜೋಳದ ಚೀಲ ಹಿಡಿದು ಹಿಂದೆ ಹತ್ತಿ ಕೂತೇಬಿಟ್ಟರು: "ನಡೀರಿ, ಗಿರಣಿ ತನಕ!"

ನಡುಪೇಟೆಯಲ್ಲಿ ಸೈಕಲ್ ಲಟಕ್ಕನೆ ಮುರಿಯಿತು. ಮಾವನವರು ಧೂಳು ಕೊಡವಿಕೊಂಡು, ಅಂಗಡಿಯವರೆಲ್ಲ ಕೇಳುವಂತೆ ಹೇಳಿದರು: "ಹಗುರ ಮಾಲು ಯಾವತ್ತೂ ತಗೋಬಾರದ್ರಿ."

೩. ಗುಡ್ಡದ ಏರು

ಇದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ನನ್ನ ನೌಕರಿಯ ಕೊನೆಯ ವರ್ಷ ನಮ್ಮ ಕಡೆಗೇ ರೇಸು ಬಂತು. ನರಗುಂದದಿಂದ ಯಾವಗಲ್, ರೋಣ ದಾಟಿ ಗಜೇಂದ್ರಗಡದ ಗುಡ್ಡದ ಮೇಲೆ ಮುಗಿಯಬೇಕು. ಮಾವನವರೂ ನೋಡಲು ಬರುವವರಿದ್ದರು. ಇವತ್ತು ಗೆದ್ದು ತೋರಿಸಲೇಬೇಕೆಂದು ಪ್ರಾಣ ಪಣಕ್ಕಿಟ್ಟು ತುಳಿದೆ. ಏರಿನಲ್ಲಿ ನನ್ನ ಮುಂದೆ ಒಬ್ಬನೇ ಉಳಿದಿದ್ದ. ಆಗ ರಸ್ತೆ ಬದಿಯಿಂದ ಮಾವನವರ ದನಿ ಕೇಳಿತು:

"ಅಯ್ಯಯ್ಯ, ಅಳಿಯಂದ್ರು ತ್ರಾಸ ಪಡಾಕತ್ತಾರ, ನೋಡ್ಕೋತ ನಿಂತೀರೇನ್ರೋ!"

ಮರುಕ್ಷಣವೇ ಮಾವನವರೂ ಅವರ ಅಂಗಡಿಯ ಹಮಾಲರೂ ಧೋತರ ಎತ್ತಿ ಕಟ್ಟಿ ನನ್ನ ಬೆನ್ನಿಗೆ ಕೈ ಹಚ್ಚಿದ್ದರು. ಹೀಗೆ ದೂಡಿಸಿಕೊಂಡವನು ಗೆದ್ದರೂ ರೇಸಿನಿಂದ ಹೊರಗೆ. "ಬ್ಯಾಡ್ರಿ, ಬಿಡ್ರಿ!" ಎಂದು ಚೀರಿದೆ. "ಸಂಕೋಚ ಮಾಡ್ಕೋಬ್ಯಾಡ್ರಿ!" ಎಂದು ಇನ್ನೂ ಜೋರಾಗಿ ದೂಡಿದರು. ಮುಂದಿದ್ದವನನ್ನು ಹಿಂದಿಕ್ಕಿದ ಮೇಲೆ, ಕೊನೆಯ ತಿರುವಿನಲ್ಲಿ ಅವರು ಹಿಂದುಳಿದರು; ನಾನು ಮೊದಲಿಗನಾಗಿ ಗೆರೆ ದಾಟಿದೆ.

ನಿರ್ಣಾಯಕರು ಕರೆದು, "ಯಾರೋ ನಿಮ್ಮನ್ನು ದೂಡಿದರಂತೆ?" ಎಂದರು.

"ಇಲ್ರಿ. ಗುರ್ತಿಲ್ದವ್ರು ಯಾರೋ ಬೆನ್ನು ತಟ್ಟಿದ್ರು, ಅಷ್ಟ" ಎಂದೆ, ಮೂರೂ ಬಿಟ್ಟವನಂತೆ.

ಅವರು ಇನ್ನೇನು ನಂಬುವವರಿದ್ದರು. ಅಷ್ಟರಲ್ಲಿ ಏದುಸಿರು ಬಿಡುತ್ತ ಮಾವನವರು ಬಂದರು. ನನ್ನ ಮಾತು ಅವರ ಕಿವಿಗೆ ಬಿದ್ದಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆ.

"ಗುರ್ತಿಲ್ದವ್ರ? ನಾ ಇವ್ರ ಖಾಸ ಮಾವ್ರಿ! ಕುಂತು ತುಳ್ಯೂದು ಅದೇನು ನೌಕರಿ ಅಂತಿದ್ದೆ. ಇವತ್ತ ತಿಳೀತು, ಖರೇನ ಭಾಳ ತ್ರಾಸಿನ ನೌಕರಿ ಐತ್ರಿ ಇದು. ಕೆಳಗಿಂದ ಮ್ಯಾಲಿನ ತನಕ ದೂಡೀನಿ, ನನಗ ಗೊತ್ತೈತಿ!"