ಸಾವಿನ ಮನೆಗೆ ನನ್ನ ಕೈ ಹೂವು

ಸಾವಿನ ಮನೆಗೆ ಹೂವು ಕಟ್ಟುವವಳು ನಗಬಾರದು ಅಂತ ಊರಿನವರ ಅಭಿಪ್ರಾಯ. ನಾನೇನು ಮಾಡಲಿ? ಊರಿನವರು ನೆಟ್ಟಗೆ ಸತ್ತಿದ್ದರೆ ನಾನೂ ಮುಖ ನೆಟ್ಟಗೆ ಇಟ್ಟುಕೊಂಡಿರುತ್ತಿದ್ದೆ. ಯುದ್ಧದ ಕಾಲದಲ್ಲಿ ಮಂಡ್ಯದ ಪೇಟೆ ಬೀದಿಯ ಕಟ್ಟೆಯ ಮೇಲೆ ಕೂತು ಒಂದು ವರ್ಷ ಬರೀ ಹೆಣಗಳಿಗೇ ಹೂವು ಕಟ್ಟಿದೆ. ಆ ವರ್ಷ ಒಂದಲ್ಲ ಒಂದು ನಡೆಯುತ್ತಲೇ ಇತ್ತು. ಅಷ್ಟು ನಗು ನನ್ನ ಮದುವೆಯಲ್ಲೂ ನಕ್ಕಿರಲಿಲ್ಲ.

ಕಟ್ಟೆಯ ನ್ಯಾಯ

ಆ ಕಟ್ಟೆಯಲ್ಲಿ ಅರ್ಧ ನನ್ನ ಗಂಡನದು, ಇನ್ನರ್ಧ ಅವರಣ್ಣನದು, ಅಂದರೆ ನನ್ನ ಭಾವನದು. ಇಬ್ಬರದೂ ಹೂವಿನ ವ್ಯಾಪಾರ. ನನ್ನ ಗಂಡ ಜ್ವರ ಬಂದು ನಾಲ್ಕೇ ದಿನಕ್ಕೆ ಹೋದರು. ಅವರ ಕೊನೆಯ ಹಾರವನ್ನು ನಾನೇ ಕಟ್ಟಿದೆ. ಅವರಿಗೆ ಚೆಂಡು ಹೂವು ಕಂಡರೆ ಆಗುತ್ತಿರಲಿಲ್ಲ. ಅದು ನನಗಲ್ಲದೆ ಇನ್ಯಾರಿಗೆ ಗೊತ್ತಿತ್ತು? ಸುಗಂಧರಾಜ ಕಟ್ಟಿ ನಡುನಡುವೆ ಮರುಗ ಸೇರಿಸಿದೆ. ಕಣ್ಣೀರು ಸುರಿಯುತ್ತಲೇ ಇತ್ತು, ಕೈ ಮಾತ್ರ ನಿಲ್ಲಲಿಲ್ಲ.

ತಿಥಿ ಮುಗಿದ ಮಾರನೇ ಬೆಳಿಗ್ಗೆ ಬುಟ್ಟಿ ಹೊತ್ತು ಕಟ್ಟೆಗೆ ಬಂದರೆ ಭಾವ ಅಡ್ಡ ನಿಂತಿದ್ದರು.

"ನೋಡಮ್ಮಿ, ಇಲ್ಗೆ ಮುತ್ತೈದೇರು ಬಂದು ಹೂವ ತಗತಾರೆ. ಗಂಡನ್ ಕಳ್ಕಂಡೋಳ ಕೈ ಹೂವ ಯಾರ್ ಮುಡ್ದಾರು? ಕಟ್ಟೆ ಬುಟ್ಬುಡು. ನಿನ್ಗೂ ನಿನ್ ಎರಡು ಹೆಣ್ಮಕ್ಕಳ್ಗೂ ನಮ್ಮನೇಲಿ ಒಂದೊತ್ತು ರಾಗಿ ಇಟ್ಟು ಇದ್ದೇ ಇರ್ತದೆ."

"ಒಂದೊತ್ತು ಇಟ್ಟಿಗೆ ಮೂರೊತ್ತೂ ನಿಮ್ಮನೆ ಪಾತ್ರೆ ಬೆಳಗ್ಬೇಕು, ಅಲ್ವಾ ಬಾವ? ಬ್ಯಾಡ. ಬದ್ಕಿರೋರು ನನ್ ಹೂವ ಮುಟ್ನಿಲ್ಲ ಅಂದ್ರೆ ಬುಡಿ. ಸತ್ತೋರ್ಗೆ ಕಟ್ತೀನಿ."

ಭಾವ ಪಂಚಾಯ್ತಿ ಸೇರಿಸಿದರು. ಹಿರಿಯರು ಎಲೆಅಡಿಕೆ ಮೆಲ್ಲುತ್ತಾ ಎರಡು ಗಂಟೆ ಯೋಚನೆ ಮಾಡಿ ನ್ಯಾಯ ಹೇಳಿದರು. ಮುಂದಿನ ಯುಗಾದಿಯವರೆಗೆ ನಾನು ಕೂತುಕೊಳ್ಳಬಹುದು, ಆದರೆ ಸಾವಿನ ಹೂವು ಮಾತ್ರ ಕಟ್ಟಬೇಕು. ಅಷ್ಟರೊಳಗೆ ಒಬ್ಬಳೇ ಒಬ್ಬಳು ಮುತ್ತೈದೆ ನನ್ನ ಕೈ ಹೂವು ಮುಡಿದರೆ ಗಂಡನ ಪಾಲಿನ ಕಟ್ಟೆ ನನ್ನದು, ಇಲ್ಲದಿದ್ದರೆ ಭಾವನದು. ಸಾವಿನ ಹೂವನ್ನು ಯಾವ ಮುತ್ತೈದೆ ಮುಡಿಯುತ್ತಾಳೆ? ಭಾವ ಆಗಲೇ ಮೀಸೆಯಲ್ಲಿ ನಗುತ್ತಿದ್ದರು.

ಎದ್ದು ಹೋಗುವಾಗ ಹಿರಿಯರೊಬ್ಬರಿಗೆ ಇನ್ನೊಂದು ಅನುಮಾನ ಬಂತು. "ಅಲ್ಲಮ್ಮಿ, ನಿನ್ ಕೈ ಹೂವ ಬ್ಯಾಡ ಅಂತ ಸತ್ತೋರೇ ತಕರಾರು ಮಾಡುದ್ರೆ?"

"ಮಾಡ್ದೋರ್ನ ಕರ್ಕಂಬನ್ನಿ. ಆವತ್ತೇ ಬುಟ್ಟಿ ಎತ್ಕಂಡು ಓಯ್ತೀನಿ" ಅಂದೆ.

ಸತ್ತವನ ತಕರಾರು

ಕರೆದುಕೊಂಡೇ ಬಂದರು.

ಒಂದು ಮಧ್ಯಾಹ್ನ ನಿಡಘಟ್ಟದಿಂದ ಒಬ್ಬ ಓಡಿಬಂದ. ಅವನ ಅಪ್ಪ ಹೋಗಿಬಿಟ್ಟಿದ್ದರಂತೆ, ಮದ್ದೂರಿನಲ್ಲಿ ಹೂವು ಸಿಗಲಿಲ್ಲವಂತೆ. "ಯಾವ್ದಾದ್ರೂ ಸರಿ, ಬಿರ್ನೆ ಕಟ್ಕೊಡವ್ವ" ಅಂದ. ಬುಟ್ಟಿಯಲ್ಲಿ ಚೆಂಡು ಹೂವಿತ್ತು. ದಪ್ಪಗೆ ಎರಡು ಹಾರ ಕಟ್ಟಿಕೊಟ್ಟೆ.

ಮಾರನೇ ದಿನ ಕಟ್ಟೆಯ ಮುಂದೆ ಒಂದು ಎತ್ತಿನ ಗಾಡಿ ನಿಂತಿತು. ಮಗ ತಲೆ ತಗ್ಗಿಸಿಕೊಂಡು ಇಳಿದ. ಹಿಂದೆಯೇ ಕಂಬಳಿ ಹೊದ್ದ ಒಬ್ಬರು ಮುದುಕರು ಅದೇ ಎರಡು ಹಾರ ಹಿಡಿದು ಇಳಿದರು. ಚಟ್ಟಕ್ಕೆ ಬಿದಿರು ಕಡಿಯುವ ಸದ್ದಿಗೆ ಎಚ್ಚರವಾಗಿ ಎದ್ದು ಕೂತಿದ್ದರಂತೆ.

ಮುದುಕರು ಹಾರವನ್ನು ನನ್ನ ಮುಂದೆ ಎಸೆದರು. "ಏನಮ್ಮಿ ಇದು? ಮೂವತ್ತು ವರ್ಸ ಊರ್ ಯಜಮಾನ್ಕೆ ಮಾಡ್ದೋನ್ಗೆ ಚೆಂಡು ಹೂವಾ? ಕ್ವಾಣನ ಕೊಂಬಿಗೆ ಕಟ್ಟೋ ಹೂವ ನನ್ ಕತ್ಗೆ ಆಕಾಕ್ ಒಂಟಿದ್ರಾ? ಸ್ಯಾವಂತ್ಗೆ ಸಿಗ್ನಿಲ್ವಾ?"

ಪಕ್ಕದಲ್ಲಿದ್ದ ಭಾವನಿಗೆ ಹಬ್ಬವಾಯಿತು. ಎದ್ದು ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ಕೇಳುಸ್ಕಂಡ್ರಾ! ಸತ್ತೋನೇ ಬಂದು ತಕರಾರು ಮಾಡ್ತಾವ್ನೆ! ಎತ್ತು ಬುಟ್ಟಿಯ!"

"ಅವ್ರು ಇನ್ನೂ ಸತ್ತಿಲ್ವಲ್ಲ ಬಾವ" ಅಂದೆ. "ಮೊದ್ಲು ಸಾಯ್ಲಿ. ಆಮ್ಯಾಕೆ ಬಂದು ತಕರಾರು ಮಾಡ್ಲಿ, ಕೇಳ್ತೀನಿ."

ದರ್ಜಿಯವರ ಚಾದರ

ನಮ್ಮ ಬೀದಿಯ ಕೊನೆಯಲ್ಲಿ ಲಾರಿ ರಿಪೇರಿ ಮಾಡುವ ಒಬ್ಬರು ಸಾಬರಿದ್ದರು. ಅವರ ತಂದೆ ದರ್ಜಿ. ಆ ದರ್ಜಿಯವರ ಅಂಗಿ ತೊಟ್ಟವರು ಕೈಯೆತ್ತಿ ನಮಸ್ಕಾರ ಮಾಡುವುದೂ ಕಷ್ಟವಿತ್ತು, ಅಷ್ಟು ಬಿಗಿ. ಬಟ್ಟೆ ಉಳಿಸುತ್ತಾರೆ ಅಂತ ಜನ ಆಡಿಕೊಂಡರೂ ಹೊಲಿಗೆ ಚೆನ್ನಾಗಿತ್ತಾದ್ದರಿಂದ ಎಲ್ಲರೂ ಅಲ್ಲಿಗೇ ಹೋಗುತ್ತಿದ್ದರು.

ಅವರು ತೀರಿಕೊಂಡಾಗ ಮಗ ನನ್ನ ಹತ್ತಿರ ಬಂದರು. ಹೆಣದ ಮೇಲೆ ಹೊದಿಸಲು ಹೂವಿನ ಚಾದರ ಬೇಕು ಅಂದರು. ಹಾರ ಕಟ್ಟಿದ್ದೆ, ದಂಡೆ ಕಟ್ಟಿದ್ದೆ, ಚಾದರ ಕಟ್ಟಿರಲಿಲ್ಲ. ಬಲೆಯ ಹಾಗೆ ಹೆಣೆಯಬೇಕು ಅಂತ ಅವರೇ ದಾರದಲ್ಲಿ ತೋರಿಸಿಕೊಟ್ಟರು.

"ಉದ್ದ ಎಷ್ಟು?" ಅಂದೆ.

"ಆರೂವರೆ ಅಡಿ ಅಕ್ಕಾ."

"ನನ್ಗೆ ಅಡಿಗಿಡಿ ತಿಳೀದು. ಮೊಳದಲ್ಲಿ ಯೋಳಿ."

ಅವರು ಕಣ್ಣೊರೆಸಿಕೊಂಡು ತಮ್ಮ ಕೈಯನ್ನೊಮ್ಮೆ ನೋಡಿದರು. "ಆರೂವರೆ ಮೊಳಾನೇ ಹಾಕಿ. ಎಲ್ಲಾ ಒಂದೇ."

ನಾನು ಆರೂವರೆ ಮೊಳ ಹೆಣೆದೆ. ಗುಲಾಬಿ, ಮಲ್ಲಿಗೆ ಕಟ್ಟಿ ಕಟ್ಟಿ ಸಂಜೆಯೊಳಗೆ ಬೆರಳು ಕೆಂಪಾದವು. ಮೆರವಣಿಗೆ ನಮ್ಮ ಕಟ್ಟೆಯ ಮುಂದೆ ಬಂದಾಗ ನೋಡಿದರೆ ಚಾದರ ಹೆಣವನ್ನು ಪೂರ್ತಿ ಹೊದ್ದು, ಇಳಿಬಿದ್ದು, ಮುಂದೆ ಹೆಗಲು ಕೊಟ್ಟಿದ್ದ ಇಬ್ಬರನ್ನೂ ಮುಚ್ಚಿಬಿಟ್ಟಿತ್ತು. ಅವರ ಕಾಲು ಮಾತ್ರ ಕಾಣುತ್ತಿತ್ತು. ದಾರಿ ಕಾಣದೆ ಒಬ್ಬರು ಎಡಕ್ಕೆಳೆದರೆ ಇನ್ನೊಬ್ಬರು ಬಲಕ್ಕೆಳೆಯುತ್ತಿದ್ದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ಜನ ನಾನು ಅಳುತ್ತಿದ್ದೇನೆ ಅಂದುಕೊಂಡರು.

ಮೂರು ದಿನ ಬಿಟ್ಟು ಮಗ ಬಂದರು. ಬೈಸಿಕೊಳ್ಳಲು ತಯಾರಾಗಿ ನಾನೇ ಮೊದಲು, "ತಪ್ಪಾಯ್ತು ಕಣಣ್ಣ, ಅಳತೆ ಮೀರೋಯ್ತು" ಅಂದೆ.

"ಇರ್ಲಿ ಬಿಡಿ ಅಕ್ಕಾ. ನಮ್ಮ ಅಬ್ಬ ಜೀವಮಾನ ಪೂರ್ತಿ ಊರಿಗೆಲ್ಲ ಬಿಗಿಯಾಗಿ ಹೊಲಿದರು. ಕೊನೆಗೆ ಅವರಿಗಾದರೂ ಒಂದು ಸಡಿಲವಾದದ್ದು ಸಿಕ್ತಲ್ಲ."

ಮಳವಳ್ಳಿಯ ದುಂಡು ಹೂವು

ಮಳವಳ್ಳಿಯಲ್ಲಿ ಪಿಂಚಣಿಯ ಸುಬೇದಾರರೊಬ್ಬರು ತೀರಿಕೊಂಡರು. ಮೈಸೂರಿನಿಂದ ದೊಡ್ಡ ಅಧಿಕಾರಿ ಮರ್ಯಾದೆ ಸಲ್ಲಿಸಲು ಬರುವವರಿದ್ದರು. ಕಚೇರಿಯ ಗುಮಾಸ್ತರು ನನ್ನನ್ನು ಹುಡುಕಿಕೊಂಡು ಬಂದರು.

"ಹಾರ ಬೇಡಮ್ಮ, ಇಂಗ್ಲಿಷ್ ದೊರೆಗಳ ಪದ್ಧತಿಯ ಹೂವು ಬೇಕು. ದುಂಡಗಿರಬೇಕು, ನಡುವೆ ತೂತಿರಬೇಕು."

"ಉದ್ದಿನ ವಡೆ ತರವಾ?"

ಗುಮಾಸ್ತರು ಸ್ವಲ್ಪ ಯೋಚಿಸಿ, "ಹಾಗೇ. ಆದರೆ ದೊಡ್ಡದು" ಅಂದರು.

ಬುಟ್ಟಿ ಹೆಣೆಯುವವರಿಂದ ಒಂದು ಗಟ್ಟಿ ಬಿದಿರಿನ ಬಳೆ ಮಾಡಿಸಿ, ಸುತ್ತ ಬಿಳಿ ಸೇವಂತಿಗೆ ಕಟ್ಟಿದೆ. ಯುದ್ಧಕ್ಕೆ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಮೂರು ಕಡೆ ಇಳಿದು ತಳ್ಳಿ, ಹೂವನ್ನು ಮಡಿಲಲ್ಲಿಟ್ಟುಕೊಂಡು ಮಳವಳ್ಳಿ ಸೇರಿದೆ. ಅಂಗಳದ ತುಂಬ ಜನ. ಗುಮಾಸ್ತರು ಅಧಿಕಾರಿಯ ಕಾರಿನ ಕಡೆ ಓಡಿದ್ದರು. ಹೂವನ್ನು ಊರಿನ ಪಟೇಲರ ಕೈಗೆ ಕೊಟ್ಟು ನಾನು ಹಿಂದೆ ಸರಿದೆ.

ಅಧಿಕಾರಿ ಬಂದರು. ಹೆಣದ ಮುಂದೆ ಟೋಪಿ ತೆಗೆದು ತಲೆ ಬಗ್ಗಿಸಿದರು. ಪಟೇಲರು ಜೀವಮಾನದಲ್ಲಿ ಎಷ್ಟೋ ಜನ ಅಧಿಕಾರಿಗಳನ್ನು ನೋಡಿದವರು. ಕೈಯಲ್ಲಿ ಹೂವಿದೆ, ಎದುರಿಗೆ ದೊಡ್ಡ ಮನುಷ್ಯರು ತಲೆ ಬಗ್ಗಿಸಿ ನಿಂತಿದ್ದಾರೆ. ಇನ್ನೇನು ಕೇಳಬೇಕು? ಕೊರಳಿಗೆ ಹಾಕಿಯೇಬಿಟ್ಟರು. ಅಭ್ಯಾಸ ಬಲದಿಂದ ನಾಲ್ಕು ಜನ ಚಪ್ಪಾಳೆಯನ್ನೂ ತಟ್ಟಿದರು.

ಬಳೆ ಹಣೆ ದಾಟಿತು, ಕಿವಿ ಕೆರೆದುಕೊಂಡು ಕೊರಳಿಗಿಳಿಯಿತು. ಇಳಿದದ್ದು ಮೇಲೆ ಬರಲಿಲ್ಲ. ಅಧಿಕಾರಿ ಎಳೆದರು, ಗುಮಾಸ್ತರು ಎಳೆದರು, ಕಿವಿ ಅಡ್ಡ ಬಂತು. ಕೊನೆಗೆ ಅದನ್ನು ಹಾಕಿಕೊಂಡೇ ಸುಬೇದಾರರ ಗುಣಗಾನ ಮಾಡಿದರು. ಆಮೇಲೆ ಒಬ್ಬರು ಕುಡುಗೋಲು ತಂದು ಬಿದಿರು ಕತ್ತರಿಸಿದರು.

"ಅದು ಸತ್ತವರಿಗೆ ತಂದದ್ದು ಪಟೇಲರೇ!" ಅಂತ ಗುಮಾಸ್ತರು ಹಲ್ಲು ಕಡಿದರು.

ಪಟೇಲರು ಒಂಚೂರೂ ಅಳುಕಲಿಲ್ಲ. "ಸತ್ತೋರು ಬೇಜಾರ್ ಮಾಡ್ಕಳಕಿಲ್ಲ ಬುಡಿ ಸ್ವಾಮಿ. ಬದ್ಕಿರೋ ಆಪೀಸರು ಮಾಡ್ಕಂಡ್ರೆ ನಮ್ಗೆ ತೊಂದ್ರೆ."

ಬಸರಾಳಿನ ಅಜ್ಜಿಯ ಜಡೆ

ಯುಗಾದಿಗೆ ಒಂದು ತಿಂಗಳಿತ್ತು. ಒಬ್ಬಳು ಮುತ್ತೈದೆಯೂ ನನ್ನ ಬುಟ್ಟಿಯ ಕಡೆ ತಿರುಗಿ ನೋಡಿರಲಿಲ್ಲ. ಭಾವ ಆಗಲೇ ನನ್ನ ಭಾಗದ ಕಟ್ಟೆಗೆ ಸುಣ್ಣ ಬಳಿಸುವ ಮಾತಾಡುತ್ತಿದ್ದರು. ನಾನು ಮಾತ್ರ, "ಬಳುಸಿ ಬಾವ, ನನ್ಗೂ ಕಟ್ಟೆ ಚೆಂದಾಗಿರ್ಬೇಕು" ಅನ್ನುತ್ತಿದ್ದೆ.

ಅಂಥದ್ದರಲ್ಲಿ ಬಸರಾಳಿನಿಂದ ಗಾಡಿ ಬಂತು. ಹತ್ತಿ ಹೋದರೆ ದೊಡ್ಡ ಮನೆ. ನಡುಮನೆಯಲ್ಲಿ ಮಂಚದ ಮೇಲೆ ಒಬ್ಬರು ಅಜ್ಜಿ ಮಲಗಿದ್ದರು.

"ಹೆಣದ ಹೂವ ಕಟ್ಟೋಳು ನೀನೆಯಾ?"

"ಊ ಕಣಜ್ಜಿ. ಯಾರ್ ಓದ್ರು?"

"ಇನ್ನೂ ಓಗಿಲ್ಲ. ನಾನೇ ಓಗೋದು."

ಅಜ್ಜಿಗೆ ಮೊಗ್ಗಿನ ಜಡೆ ಬೇಕಿತ್ತು. ಅವರ ಮದುವೆಯ ಹೊತ್ತಿಗೆ ಮಲ್ಲಿಗೆಯ ಕಾಲ ಮುಗಿದಿತ್ತಂತೆ. ಅರವತ್ತು ವರ್ಷದಿಂದ ಆ ಆಸೆ ಹಾಗೇ ಇತ್ತು. ಮುತ್ತೈದೆಯಾಗಿ ಸತ್ತರೆ ಮದುವಣಗಿತ್ತಿಯ ಹಾಗೇ ಸಿಂಗಾರ ಮಾಡುತ್ತಾರೆ, ಆಗಲಾದರೂ ಹಾಕಿಸಿಕೊಳ್ಳಬೇಕು ಅಂತ.

"ನಿಮ್ ಬಾವಂಗೆ ಯೋಳ್ಕಳ್ಸಿದ್ದೆ. ಮುದ್ಕಿಗೆ ಮೊಗ್ಗಿನ ಜಡೆಯಾ ಅಂತ ಅಲ್ಲು ಕಿಸುದ್ನಂತೆ. ನೀನು ಕಟ್ಟೀಯಾ?"

"ಕಟ್ತೀನಿ ಅಜ್ಜಿ. ಆದ್ರೆ ತಲೇಲಿ ಕೂದ್ಲೇ ಇಲ್ವಲ್ಲ?"

"ಚೌರಿ ಮಡ್ಗಿವ್ನಿ."

ಅಷ್ಟರಲ್ಲಿ ಜಗಲಿಯಿಂದ ಅವರ ಗಂಡ ಕೆಮ್ಮಿದರು. ಅಜ್ಜಿ ಧಡಕ್ಕನೆ ಎದ್ದು ಕೂತರು. "ನೋಡ್ದಾ, ಎಂಗ್ ಕೆಮ್ತಾರೆ! ನನ್ಗಿಂತ ಮುಂದಾಗಿ ಓಗ್ಬುಟ್ರೆ ಜಡೆನೂ ಇಲ್ಲ, ಎಂತದ್ದೂ ಇಲ್ಲ. ಓಯ್, ಕಸಾಯ ಕುಡುದ್ರಾ?"

"ಕುಡ್ದೆ ಕಣೆ!"

"ಇನ್ನೊಂದ್ ಲೋಟ ಕುಡೀರಿ!"

ನಾನು ಮುಚ್ಚುಮರೆ ಮಾಡಲಿಲ್ಲ. "ಅಜ್ಜಿ, ನಾನು ಗಂಡನ್ ಕಳ್ಕಂಡೋಳು. ನನ್ ಕೈ ಜಡೆ ನಿಮ್ಗೆ ಆದಾತಾ?"

"ಸತ್ತಿದ್ದು ನಿನ್ ಗಂಡ. ನಿನ್ ಕೈ ಬೆಳ್ಳೇನು ಉದ್ರೋಗವಾ?" ಅಂದರು. ಒಂದು ವರ್ಷದಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಅಜ್ಜಿ ಹೋದರು. ಗಂಡ ಇನ್ನೂ ಕೆಮ್ಮುತ್ತಲೇ ಇದ್ದರು. ಹೊಳಲಿನಿಂದ ಮೊಗ್ಗು ತರಿಸಿ, ಬಾಳೆ ಪಟ್ಟೆಯ ಮೇಲೆ ಸಾಲುಸಾಲಾಗಿ ಹೊಲಿದು, ನಡುವೆ ಕನಕಾಂಬರದ ಬಿಲ್ಲೆ ಇಟ್ಟು, ತುದಿಗೆ ಕುಚ್ಚು ಕಟ್ಟಿದೆ. ಅಂಥ ಜಡೆಯನ್ನು ನಾನು ಮತ್ತೆ ಕಟ್ಟಿಲ್ಲ. ಬಾಗಿಲಲ್ಲೇ ನಿಂತು ಸೊಸೆಯ ಕೈಗೆ ಕೊಟ್ಟೆ. ದೊಡ್ಡ ಮನೆಯ ಸಾವು ಅಂತ ಮಂಡ್ಯದ ಪೇಟೆ ಬೀದಿಯವರೆಲ್ಲ ಬಂದಿದ್ದರು. ಅಜ್ಜಿಯನ್ನು ತಂದು ಚಪ್ಪರದಡಿ ಕೂರಿಸಿದಾಗ ನೋಡಿದವರೆಲ್ಲ ಅಳು ನಿಲ್ಲಿಸಿ ಜಡೆಯನ್ನೇ ನೋಡಿದರು.

ನಮ್ಮ ಕಡೆ ಮುತ್ತೈದೆಯಾಗಿ ಸತ್ತವರ ಹೂವು, ಕುಂಕುಮ ಸಿಕ್ಕರೆ ಗಂಡನ ಆಯಸ್ಸು ಗಟ್ಟಿ ಅಂತ ನಂಬಿಕೆ. ಹೆಣ ಏಳುವ ಮುಂಚೆ ಹೆಂಗಸರು ಮುಗಿಬಿದ್ದರು. ಒಬ್ಬಳು ಬಿಲ್ಲೆ ಕಿತ್ತಳು, ಇನ್ನೊಬ್ಬಳು ಒಂದು ಸಾಲು ಮೊಗ್ಗು ಹರಿದಳು. ನನ್ನ ಓರಗಿತ್ತಿ, ಅಂದರೆ ಆ ಭಾವನ ಹೆಂಡತಿ, ಇಬ್ಬರನ್ನು ಮೊಣಕೈಯಲ್ಲಿ ತಳ್ಳಿ ಕುಚ್ಚನ್ನೇ ಕಿತ್ತು ತುರುಬಿಗೆ ಸಿಕ್ಕಿಸಿಕೊಂಡಳು.

"ಏನ್ ಕಟ್ಟವ್ರವ್ವ! ಯಾರ್ ಕೈದು ಇದು?" ಅಂದಳು ಒಬ್ಬಳು.

ಅಜ್ಜ ಕೋಲೆತ್ತಿ, ಬೇಲಿಯ ಪಕ್ಕ ನಿಂತಿದ್ದ ನನ್ನನ್ನು ತೋರಿಸಿದರು. "ಅಗೋ, ಆ ಮಗಳ್ದು."

ಇಪ್ಪತ್ತು ಮುತ್ತೈದೆಯರ ಕೈ ಒಟ್ಟಿಗೇ ತಲೆಗೆ ಹೋಗಿ ಅಲ್ಲೇ ನಿಂತಿತು. ನ್ಯಾಯ ಹೇಳಿದ ಹಿರಿಯರೂ ಅಲ್ಲೇ ಇದ್ದರು. "ಒಬ್ಳು ಮುಡುದ್ರೆ ಸಾಕು ಅಂದಿದ್ವು, ಇಲ್ಲಿ ಇಪ್ಪತ್ತು" ಅಂತ ಅವರಲ್ಲೊಬ್ಬರು ಗೊಣಗಿದರು. ಭಾವ ಮುಖ ಕೆಂಪಗೆ ಮಾಡಿಕೊಂಡು ಜನರ ನಡುವೆ ನುಗ್ಗಿದರು.

"ಲೇ, ತೆಗ್ಯೇ ಅದ! ಕಿತ್ತು ಬಿಸಾಕು!"

ಓರಗಿತ್ತಿ ತುರುಬಿನ ಮೇಲೆ ಕೈಯಿಟ್ಟುಕೊಂಡೇ ತಿರುಗಿದಳು. "ಮುತ್ತೈದೆ ಹೆಣದ ಹೂವ ಮುಡ್ದು ಕಿತ್ರೆ ಕುತ್ತು ಯಾರ್ಗೆ, ಗೊತ್ತಾ? ನಿಮ್ಗೆ. ಕೀಳ್ಲಾ?"

ಭಾವನ ಬಣ್ಣ ಇಳಿಯಿತು. ಹೆಣದ ಕಡೆ ನೋಡಿದರು, ಹೆಂಡತಿಯ ತುರುಬು ನೋಡಿದರು, ಮೆಲ್ಲಗೆ ಎದೆ ಸವರಿಕೊಂಡರು.

"ಬ್ಯಾಡ ಬ್ಯಾಡ, ಇರ್ಲಿ ಬುಡು" ಅಂದರು. "ಇನ್ನೊಂಚೂರು ಸಿಕ್ಕುದ್ರೆ ಅದ್ನೂ ಮುಡ್ಕೊ."

"ಸಿಕ್ತದೆ ಬಾವ" ಅಂತ ನಾನು ಬೇಲಿಯ ಹತ್ತಿರದಿಂದಲೇ ಕೂಗಿದೆ. "ನಾಳೆ ಬೆಳಿಗ್ಗೆ ಅಕ್ಕನ ನನ್ ಕಟ್ಟೆಗೆ ಕಳ್ಸಿ. ಇನ್ನೊಬ್ರು ಸಾಯೋಗಂಟ ಯಾಕ್ ಕಾಯ್ಬೇಕು!"