ಮಿಡ್ಜ್ ನೊಣದ ಮೋಹಕ ಬಲೆಯನ್ನು ಹಿಮ ಬೀಳುವವರೆಗೆ ಹೊಲದಲ್ಲೇ ಉಳಿಸಿಕೊಡುವ ಕುರಿತು

ಇಂದ:
ಒರೆಸ್ಟ್ ಬಿಲಿನ್ಸ್ಕಿ, ವಯಸ್ಸು ೬೨, ಅವಿವಾಹಿತ, ಕನೋಲಾ (ಸಾಸಿವೆ ಜಾತಿಯ ಎಣ್ಣೆಕಾಳು) ಬೆಳೆಗಾರ,
ವಿಲೋ ಹಾಲೋ, ಸಸ್ಕಾಚೆವಾನ್.

ಗೆ:
ಕೀಟ ಸಮೀಕ್ಷಾಧಿಕಾರಿಗಳು, ಪ್ರಾಂತೀಯ ಕೃಷಿ ಕಚೇರಿ.

ವಿಷಯ: ಶೀರ್ಷಿಕೆಯಲ್ಲಿರುವುದೇ.

ಉಲ್ಲೇಖ: 'ನೊಣದ ಕಾಲ ಮುಗಿದಿದ್ದು, ಬಲೆಗಳನ್ನು ಕಿತ್ತು ಹಿಂದಿರುಗಿಸತಕ್ಕದ್ದು' ಎಂಬ ತಮ್ಮ ಆಗಸ್ಟ್ ೬ರ ಪತ್ರ.

ಮಾನ್ಯರೇ,

೧. ಜುಲೈ ಮೊದಲ ವಾರ ನನ್ನ ಕನೋಲಾ ಹೂವಿಗೆ ಬಂದಾಗ, ಬೇಲಿಯಂಚಿನ ಗಿಡಗಳಲ್ಲಿ ಹಲವು ಮೊಗ್ಗುಗಳು ಅರಳದೆ, ಪುಟ್ಟ ಹೂಜಿಯ ಹಾಗೆ ಉಬ್ಬಿಕೊಂಡು ನಿಂತಿದ್ದವು. ಬೇಲಿಯಾಚೆಯ ಹೊಲ ಶ್ರೀಮತಿ ಮಾರ್ಲಿಸ್ ಕ್ರುಪಾ ಎಂಬ ವಿಧವೆಯದು. ಆಕೆ ಹಿಂದಿನ ವಾರವಷ್ಟೇ ಕಳೆನಾಶಕ ಹೊಡೆದಿದ್ದರು. ಆದ್ದರಿಂದ ನಾನು ಯಾವುದೇ ವಿಚಾರಣೆಯಿಲ್ಲದೆ, "ನಿನ್ನ ವಿಷ ಗಾಳೀಲಿ ಹಾರಿ ಬಂದು ನನ್ನ ಬೆಳೆ ಕೆಡಿಸ್ತು!" ಎಂದು ಬೇಲಿಯ ಬಳಿ ಕೂಗಾಡಿದೆ.

೨. ಸದರಿ ಕಾರಣ, ಮೂವತ್ತು ವರ್ಷದ ನೆರೆಯವರಾದ ನಾವು ಹನ್ನೊಂದು ದಿನ ಮಾತು ಬಿಟ್ಟೆವು.

೩. ಹನ್ನೆರಡನೆಯ ದಿನ ನಾನು ಯಾವುದಕ್ಕೂ ಇರಲೆಂದು ಕೀಟನಾಶಕದ ಡಬ್ಬಿ ತೆರೆಯುತ್ತಿರುವಾಗ ಆಕೆ ಭೂತಗನ್ನಡಿ ಹಿಡಿದು ಬಂದರು.

"ಡಬ್ಬಿ ಕೆಳಗಿಡು, ಒರೆಸ್ಟ್. ಇಲ್ನೋಡು." ಉಗುರಿನಿಂದ ಒಂದು ಮೊಗ್ಗು ಸೀಳಿದರು. ಒಳಗೆ ಎಳ್ಳಿಗಿಂತ ಚಿಕ್ಕ ಬಿಳಿ ಹುಳುಗಳು ಹೊರಳಾಡುತ್ತಿದ್ದವು. "ನನ್ನ ಕಳೆನಾಶಕ ಮರಿ ಹಾಕಿದ್ಯೇನೋ?"

ಇದು ಮೊಗ್ಗಿನಲ್ಲಿ ಮೊಟ್ಟೆಯಿಡುವ ಮಿಡ್ಜ್ ನೊಣದ ಕೆಲಸವೆಂದು ನನಗೆ ಮನವರಿಕೆಯಾಯಿತು. ಆದರೂ, "ಹಾಗಾದ್ರೆ ಹೊಡೆದೇ ಬಿಡ್ತೀನಿ" ಎಂದೆ.

"ಯಾರಿಗೆ ಹೊಡೀತೀಯ? ಹುಳ ಮೊಗ್ಗಿನೊಳಗೆ ಬೆಚ್ಚಗಿದೆ. ಅದನ್ನ ತಿನ್ನೋ ಸಣ್ಣ ಕಣಜಗಳು ಸಾಯ್ತವೆ ಅಷ್ಟೆ. ನೂರು ಮೊಗ್ಗಲ್ಲಿ ನಾಲ್ಕು ಹೋಗಿರ್ಬಹುದು, ಬೆಳೆಗೇನೂ ಆಗಲ್ಲ. ಮುಂದಿನ ವರ್ಷ ಇಲ್ಲಿ ಗೋಧಿ ಬಿತ್ತು, ಈ ಹುಳ ಅದನ್ನ ಮುಟ್ಟಲ್ಲ."

೪. ನಾನು ಕ್ಷಮೆ ಕೇಳಿದೆ. ಎರಡು ಸಲ ಕೇಳಬೇಕಾಯಿತು, ಮೊದಲನೆಯದು ಕಿವಿಗೆ ಬೀಳಲಿಲ್ಲವೆಂದು ಆಕೆ ತಿಳಿಸಿದರು.

೫. ನಂತರ ತಮ್ಮ ಕಚೇರಿಯವರು ಬಂದು, ನೊಣಗಳ ಲೆಕ್ಕಕ್ಕೆಂದು ಸದರಿ ಬಲೆ ನೆಟ್ಟರು. ನನ್ನ ಕಣ್ಣಿಗೆ ನೊಣವೂ ಧೂಳೂ ಒಂದೇ ಆದಕಾರಣ, ಪ್ರತಿ ಮಂಗಳವಾರ ಎಣಿಸುವ ಹೊಣೆಯನ್ನು ಶ್ರೀಮತಿ ಕ್ರುಪಾ ವಹಿಸಿಕೊಂಡರು. ಮೊದಲ ವಾರವೇ ಅಂಟಿನ ಹಾಳೆ ಎತ್ತಿ ಹಿಡಿದು, "ಹೆಣ್ಣಿನ ವಾಸನೆ ಹಚ್ಚಿದ ರಬ್ಬರ್ ತುಂಡಿಗೆ ನಲವತ್ತಮೂರು ಗಂಡಸ್ರು! ನಿಮ್ಮ ಜಾತಿಯೇ ಇಷ್ಟು" ಎಂದು ನಕ್ಕರು. ಎಣಿಕೆ ಐದು ನಿಮಿಷದ್ದು. ಕಾಫಿ, ನಾನು ಬೇಯಿಸಿದ ಪೆರೊಗಿ ಎಂಬ ಆಲೂಗಡ್ಡೆ ಕಡುಬು, ಅದರ ಮೇಲಿನ ಟೀಕೆ ಸೇರಿ ಮೂರು ಗಂಟೆ ಹಿಡಿಯುತ್ತದೆ.

೬. ತಮ್ಮ ಪತ್ರ ಓದಿ ಹೇಳಿದಾಗ ಆಕೆ ಕಪ್ಪು ಕೆಳಗಿಟ್ಟು, "ಹಾಗಾದ್ರೆ ಮಂಗಳವಾರ ನಾನೆಲ್ಲಿಗೆ ಹೋಗ್ಲಿ?" ಎಂದರು. ನಾನು ಆಕೆಯ ಕಪ್ಪಿಗೆ ಮತ್ತೆ ಕಾಫಿ ಸುರಿಯುತ್ತಾ, "ಕಚೇರಿಗೆ ಅರ್ಜಿ ಹಾಕ್ತೀನಿ" ಎಂದುಬಿಟ್ಟೆ.

"ಅಯ್ಯೋ ದೇವ್ರೇ! ಬಾಯಿ ಬಿಟ್ಟು ಕೇಳೋದು ಬಿಟ್ಟು ಅರ್ಜಿ ಹಾಕ್ತಾನಂತೆ! ಹಾಕಪ್ಪ, ನಾನೂ ಸಹಿ ಮಾಡ್ತೀನಿ."

ಆದ್ದರಿಂದ, ಕಟಾವಾದ ಮೇಲೂ ಬಲೆಯನ್ನು ಅಲ್ಲೇ ಬಿಡಬೇಕಾಗಿ ಕೋರುತ್ತೇನೆ. ನೊಣ ಬೀಳದಿದ್ದರೂ ಅಡ್ಡಿಯಿಲ್ಲ. ಸೊನ್ನೆಯನ್ನೂ ತಪ್ಪದೆ ಬರೆದು ಕಳುಹಿಸುತ್ತೇವೆ.

ತಮ್ಮ ವಿಶ್ವಾಸಿ,
ಒರೆಸ್ಟ್ ಬಿಲಿನ್ಸ್ಕಿ
ಆಗಸ್ಟ್ ೧೧

ಲಗತ್ತುಗಳು:
ಅ) ಉಬ್ಬಿದ ಮೊಗ್ಗು, ಒಣಗಿದ್ದು – ಒಂದು.
ಆ) ಶ್ರೀಮತಿ ಕ್ರುಪಾ ಅವರ ನಿರಾಕ್ಷೇಪಣಾ ಪತ್ರ. ('ಪೆರೊಗಿಗೆ ಉಪ್ಪು ಜಾಸ್ತಿ, ಉಳಿದಂತೆ ಆಕ್ಷೇಪಣೆ ಇಲ್ಲ.')

ವಿ.ಸೂ.: ನಿಯಮದಲ್ಲಿ ಅವಕಾಶವಿಲ್ಲದಿದ್ದರೆ, ಮಂಗಳವಾರಕ್ಕೆ ಬೇರೊಂದು ಕೀಟವನ್ನಾದರೂ ದಯವಿಟ್ಟು ಮಂಜೂರು ಮಾಡಬೇಕು.