ಸೌನಾದಲ್ಲಿ ಬೆವೆತ ಡಿಸ್ಕ್ ಪ್ಲೇಯರೂ ತಪ್ಪು ಮಾಡದ ಅಳಿಯನೂ

(ಕರಡಿನ ತಲೆಯಲ್ಲಿ, ಪೆನ್ಸಿಲಿನಲ್ಲಿ: ಮೂರು ವಾರದಿಂದ ಅರ್ಜಿದಾರಳಿಗೆ ಒಂದೇ ಹೆದರಿಕೆ. ಪ್ಲೇಯರಿಗೆ ಇನ್ನೂ ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಬರ್ಚ್ ಸೊಪ್ಪಿನ ವಾಸನೆ ಇದೆ. ಅಜ್ಜ ಒಮ್ಮೆ ಬಗ್ಗಿ ಮೂಸಿದರೆ ಮುಗಿಯಿತು. ಮೂಸದಿದ್ದರೆ ಇನ್ನೂ ಕಷ್ಟ, ಅವಳೇ ಬಾಯಿ ಬಿಡಬೇಕು.)

ಇಂದ,
ಸೆನ್ಯಾ ಕಂಗಾಸ್, ವಯಸ್ಸು ೨೩, ಪದವೀಧರೆ,
ಮಹಡಿ ಕೋಣೆ, ಕಂಗಾಸ್ ಮನೆ, ಉತ್ತರ ಮಿನೆಸೋಟ.

ಗೆ,
ಶ್ರೀ ರೇನೊ ಕಂಗಾಸ್ ಅವರು, ಅರ್ಜಿದಾರಳ ಅಜ್ಜ,
ಟೀವಿ, ಡಿಸ್ಕ್ ಪ್ಲೇಯರ್ ಹಾಗೂ ಸೌನಾ ಇಲಾಖೆಗಳ ಮುಖ್ಯಸ್ಥರು, ಅದೇ ಮನೆ, ಕೆಳಗಡೆ.

ವಿಷಯ: ಕರ್ಟಿಸ್ ಮಾವನ ಮೇಲಿನ ಶನಿವಾರದ ಸೌನಾ ಬಹಿಷ್ಕಾರವನ್ನು ತೆರವುಗೊಳಿಸಿ, ಅದನ್ನು ಅರ್ಹ ವ್ಯಕ್ತಿಗೆ ವರ್ಗಾಯಿಸುವ ಬಗ್ಗೆ.

ಉಲ್ಲೇಖ: ೧) ಪ್ಲೇಯರಿನ ಕೈಪಿಡಿ, ಪುಟ ನಾಲ್ಕು. ೨) ಫ್ರಿಜ್ಜಿನ ಬಾಗಿಲಿಗೆ ತಾವು ಅಂಟಿಸಿರುವ ಆದೇಶ: "ಡಿಸ್ಕನ್ನು ಅಂಚು ಹಿಡಿದೇ ಎತ್ತುವುದು. ನಡುವಿನಿಂದ ಅಂಚಿಗೆ ನೇರವಾಗಿ ಒರೆಸುವುದು. ಗುಂಡಗೆ ಉಜ್ಜಿದವರ ಕೈ ಮುರಿಯಲಾಗುವುದು. ಪ್ಲೇಯರಿನ ಮೇಲೆ ಕಾಫಿ ಲೋಟ ಮತ್ತು ಬೆಕ್ಕನ್ನು ಇಡಕೂಡದು."

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮ ಅವಗಾಹನೆಗೆ ತರುವುದೇನೆಂದರೆ,

೧. ಮೂರು ಶನಿವಾರಗಳ ಹಿಂದೆ ತಮ್ಮ ಮಗಳು ಲೆಂಪಿ ಅತ್ತೆ ಮತ್ತು ಅವರ ಹೊಸ ಗಂಡ, ಸೆಕೆಯ ನಾಡು ಲೂಸಿಯಾನಾದ ಕರ್ಟಿಸ್ ಮಾವ, ದುಲೂತ್ ಪಟ್ಟಣದಲ್ಲಿ ರಿಪೇರಿಯಾದ ನಮ್ಮ ಪ್ಲೇಯರನ್ನು ಪಿಕಪ್ ಗಾಡಿಯ ಹಿಂಬದಿಯಲ್ಲಿ ಹಾಕಿಕೊಂಡು ಬಂದರು. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿತ್ತು. ಚಳಿಯಿಂದ ಬೆಚ್ಚನೆಯ ಮನೆಗೆ ತಂದ ಪ್ಲೇಯರಿನ ಒಳಗಣ್ಣಿನ (ಲೆನ್ಸಿನ) ಮೇಲೆ ನೀರಹನಿ ಕಟ್ಟುತ್ತದೆ, ಕಾರಣ ಎರಡು ಗಂಟೆ ಪ್ಲಗ್ ಹಾಕದೆ ಬಿಡತಕ್ಕದ್ದು ಎಂಬ ಪುಟ ನಾಲ್ಕನ್ನು ಅರ್ಜಿದಾರಳು ಗಟ್ಟಿಯಾಗಿ ಓದಿದಳು. ಅವಳ ಗಟ್ಟಿ ದನಿ ಬೆಕ್ಕಿಗೂ ಎರಡನೇ ಸಲಕ್ಕೇ ಕೇಳಿಸಿದ್ದು. ಆಮೇಲೆ ಅತ್ತೆ ಅದನ್ನೇ ಕಿರುಚಿ ಹೇಳಿದಾಗ ತಾವು, "ಎರಡು ಗಂಟೆನಾ! ಅಷ್ಟರಲ್ಲಿ ನಾನು ಸತ್ತು, ನೀವೆಲ್ಲ ನನ್ನ ಮಣ್ಣು ಮಾಡ್ಬಂದು ಕಾಫಿ ಕುಡೀತಿರ್ತೀರ!" ಎಂದಿರಿ.

೨. ತಮ್ಮ ಆತುರಕ್ಕೆ ಕಾರಣವಿತ್ತು. ಹೆಂಡತಿಯನ್ನು ಹೊತ್ತು ಓಡುವ ಪಂದ್ಯದಲ್ಲಿ ತಾವು ಹಿಲ್ಯಾ ಅಜ್ಜಿಯನ್ನು ಬೆನ್ನ ಮೇಲೆ ತಲೆಕೆಳಗಾಗಿ ನೇತುಹಾಕಿಕೊಂಡು ನೀರಗುಂಡಿ ದಾಟಿ ಗೆದ್ದದ್ದು, ಅವರ ತೂಕದಷ್ಟು ಬಿಯರ್ ಬಹುಮಾನ ಪಡೆದದ್ದು ಇರುವ ಡಿಸ್ಕನ್ನು ಹೊಸ ಅಳಿಯನಿಗೆ ತೋರಿಸಬೇಕಿತ್ತು. "ಅವರೇನ್ರೀ ಗೆದ್ದಿದ್ದು? ಮೂಗಲ್ಲಿ ನೀರು ಹೋಗಿದ್ದು ನಂಗೆ!" ಎಂದು ಅಜ್ಜಿ ಅಳಿಯನಿಗೆ ಮೊದಲೇ ಎಚ್ಚರಿಸಿದ್ದರು.

೩. ಈ ಮನೆಯಲ್ಲಿ ಯಾವುದು ಕೆಟ್ಟರೂ ಮದ್ದು ಸೌನಾ. ತಮ್ಮ ಸೊಂಟ, ಅತ್ತೆಯ ಮೊದಲ ಮದುವೆಯ ದುಃಖ, ಬೆಕ್ಕಿನ ಕೆಮ್ಮು, ಎಲ್ಲಕ್ಕೂ ಅಲ್ಲೇ ಚಿಕಿತ್ಸೆ ನಡೆದಿದೆ. ಆದ್ದರಿಂದ, ಹೆಂಗಸರ ಸ್ನಾನ ಮುಗಿದು ಗಂಡಸರ ಸರದಿ ಬರುವುದರೊಳಗೆ, ಉಳಿದ ಬಿಸಿಯಲ್ಲಿ ಇಪ್ಪತ್ತೇ ನಿಮಿಷಕ್ಕೆ ಒಣಗೀತೆಂದು, ಅರ್ಜಿದಾರಳು ಸದರಿ ಪ್ಲೇಯರನ್ನು ಟವೆಲಿನಲ್ಲಿ ಸುತ್ತಿ ಸೌನಾದ ಕೆಳಗಿನ ಹಲಗೆಯ ಮೇಲಿಟ್ಟಳು. ಯಾರಿಗೂ ಹೇಳಲಿಲ್ಲ. ಪದವಿ ಓದಿದ್ದರ ಫಲ.

೪. ತಾವು ಸರದಿಗೆ ಮುಂಚೆಯೇ ಒಳಗೆ ಹೋದಿರಿ. ಹೇಳಲು ಸಂಕೋಚವಾಗುತ್ತದೆ, ಆದರೂ ಕಡತ ಪೂರ್ಣವಾಗಿರಬೇಕು: ಕಾದ ಕಲ್ಲಿನ ಮೇಲೆ ತಾವು ಖುದ್ದಾಗಿ ಮೂರು ಸೌಟು ನೀರೆರಚಿ, ಹಬೆಯ ನಡುವೆ, ಟವೆಲ್ ಎಂದು ಭಾವಿಸಿ, ಪ್ಲೇಯರಿನ ಮೇಲೆ ಎರಡೂ ಪಾದ ಇಟ್ಟುಕೊಂಡು ಕುಳಿತಿದ್ದಿರಿ (ಸೌಟಿನ ಸದ್ದು ಹೊರಗೆ ಕೇಳಿಸಿತು, ಪಾದದ ಗುರುತು ಟವೆಲಿನ ಮೇಲೆ ಉಳಿದಿತ್ತು). ಕೈಪಿಡಿಯಲ್ಲಿ ಪಾದದ ಬಗ್ಗೆ ಏನೂ ಇಲ್ಲ. ತಾವು ಬಟ್ಟೆ ತೊಡುವಷ್ಟರಲ್ಲಿ ಅರ್ಜಿದಾರಳು ಅದನ್ನು ಒರೆಸಿ ಟೀವಿಯ ಕೆಳಗಿಟ್ಟಳು.

೫. ಏನೂ ತಿಳಿಯದ ಕರ್ಟಿಸ್ ಮಾವ ಡಿಸ್ಕ್ ಹಾಕಿ ಪ್ಲಗ್ ಚುಚ್ಚಿದರು. ಪ್ಲೇಯರ್ ಅಜ್ಜಿಯನ್ನು ನುಂಗಿ, ಒಂದು ಸಲ ಗೊರಕೆ ಹೊಡೆದು, ಕಣ್ಣು ಮುಚ್ಚಿತು. ಡಿಸ್ಕ್ ಇನ್ನೂ ಅದರ ಹೊಟ್ಟೆಯಲ್ಲಿದೆ.

"ಎರಡು ಗಂಟೆ ಆಯ್ತೇನ್ರಪ್ಪಾ, ಅಳಿಯಂದಿರೇ? ಲೂಸಿಯಾನಾದಲ್ಲಿ ಗಡಿಯಾರ ಇರಲ್ವೋ, ಚಳಿ ಇರಲ್ವೋ?" ಎಂದಿರಿ ತಾವು.

"ತಪ್ಪಾಯ್ತು, ನಂದೇ ಅವಸರ," ಎಂದರು ಅವರು. ತಪ್ಪು ತನ್ನದೇ ಎಂದು ಮಾವ ಇಂದಿಗೂ ನಂಬಿದ್ದಾರೆ. "ಪುಟ ನಾಲ್ಕು ಕಲಿಯೋವರ್ಗೂ ಸೌನಾಗೆ ಬರ್ಬೇಡಿ," ಎಂದು ತಾವು ತೀರ್ಪಿತ್ತಿರಿ. ಆಗ ಅರ್ಜಿದಾರಳು ಬಾಯಿ ತೆರೆದಿದ್ದು ನಿಜ. ಅದರೊಳಗೆ ಒಂದು ತುಂಡು ಬ್ರೆಡ್ ಇಟ್ಟುಕೊಂಡಳು.

೬. ಶನಿವಾರ ಸೌನಾಗೆ ಕರೆಸಿಕೊಳ್ಳದವನು ಈ ಮನೆಯವನಲ್ಲ ಎಂಬುದು ತಮಗೆ ಗೊತ್ತು. ಈಗ ಅದು ಅವರಿಗೂ ಗೊತ್ತಾಗಿದೆ. ಕಳೆದ ವಾರ ಎಲ್ಲರೂ ಅತ್ತ ಹೋದ ಮೇಲೆ, ಅಡುಗೆಮನೆಯಲ್ಲಿ ಕೋಟು ಬಿಚ್ಚದೆ ಕುಳಿತಿದ್ದ ಮಾವ ಕೇಳಿದರು: "ಸೆನ್ಯಾ, ಇನ್ಮೇಲೆ ಲೆಂಪಿ ಒಬ್ಬಳನ್ನೇ ಕಳಿಸ್ಲೇನಮ್ಮ? ನಿಮ್ಮಜ್ಜಂಗೂ ಸಮಾಧಾನ ಇರುತ್ತೆ."

ಅರ್ಜಿದಾರಳ ಉತ್ತರ: "ಕಾಫಿ ಹಾಕ್ಲಾ ಮಾವ?"

ಈ ಉತ್ತರಕ್ಕೆ ಅವಳು ದಿನಚರಿಯಲ್ಲಿ ಏಳು ಪುಟ ತನ್ನನ್ನೇ ಬೈದುಕೊಂಡಿದ್ದಾಳೆ. ಏಳು ಪುಟದಿಂದ ಮಾವನಿಗೆ ಒಂದು ಸೌಟು ಹಬೆಯೂ ಸಿಕ್ಕಿಲ್ಲ.

ಆದ್ದರಿಂದ, ಈ ಎಲ್ಲ ಕಾರಣಗಳಿಂದ, ಕರ್ಟಿಸ್ ಮಾವನನ್ನು ಇಂದೇ ಸೌನಾಗೆ ಕರೆದು, ಮೇಲಿನ ಹಲಗೆಯಲ್ಲಿ ಜಾಗ ಕೊಟ್ಟು, ಬಹಿಷ್ಕಾರವನ್ನು ಅರ್ಜಿದಾರಳ ಮೇಲೆ ಜಾರಿಗೊಳಿಸಬೇಕೆಂದು ಕೋರಿದೆ. ಡಿಸ್ಕನ್ನು ಹೊರತೆಗೆಯುವ ಕೆಲಸವನ್ನು ಅಜ್ಜಿ ಚರ್ಚಿಗೆ ಹೋದ ದಿನ ಇಟ್ಟುಕೊಳ್ಳಲು ವಿನಂತಿ. ಅದು ಸಿಕ್ಕಿಕೊಂಡಿರುವುದಕ್ಕೆ ಅವರು ದೇವರಿಗೆ ಕೃತಜ್ಞತೆ ಸಲ್ಲಿಸುತ್ತಿದ್ದಾರೆ.

ತಮ್ಮ ವಿಶ್ವಾಸಿ (ಈ ಪದವನ್ನು ಉಳಿಸಿಕೊಳ್ಳಲು ಅನುಮತಿ ಇದ್ದಲ್ಲಿ),
ಸೆನ್ಯಾ ಕಂಗಾಸ್

ಲಗತ್ತುಗಳು: ೧) ಪುಟ ನಾಲ್ಕು. ೨) ಸದರಿ ಟವೆಲ್, ಪ್ಲೇಯರಿನ ನಾಲ್ಕು ಕಾಲಿನ ಗುರುತು ಸಹಿತ.

ಷರಾ: ಅರ್ಜಿಯನ್ನು ಶನಿವಾರ ಸಂಜೆ ಅಡುಗೆಮನೆಯಲ್ಲಿ ಖುದ್ದಾಗಿ ಸಲ್ಲಿಸಲಾಯಿತು. ಅಧಿಕಾರಿಗಳು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟಿದ್ದರು. ಹಾಳೆಗಳನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟುದ್ದ ಯಾರೇ ಓದ್ತಾರೆ? ಅಲ್ಲಿ ಕಲ್ಲು ಆರ್ತಾ ಇದೆ. ಬಾಯಲ್ಲಿ ಹೇಳು," ಎಂದು ಹಿಂದಿರುಗಿಸಿದರು. ಕರ್ಟಿಸ್ ಮಾವ ಕೋಟಿನ ಗುಂಡಿ ಹಾಕಿಕೊಂಡು ಗಾಡಿಯ ಕೀಲಿ ಹುಡುಕುತ್ತಿದ್ದರು. ಅರ್ಜಿದಾರಳು "ಮಾನ್ಯರೇ" ಎಂದು ಶುರು ಮಾಡಿದಳು, ಅಷ್ಟಕ್ಕೇ ಬಿಟ್ಟು ಅರ್ಜಿಯನ್ನು ಮಡಚಿ ಮೇಜಿನ ಮೇಲಿಟ್ಟಳು. ಆಮೇಲೆ ಬಾಗಿಲ ಬಳಿಯಿದ್ದ ಮಾವನಿಗೂ ಕೇಳಿಸುವಷ್ಟು ದೊಡ್ಡದಾಗಿ ಹೇಳಿದಳು:

"ಅಜ್ಜಾ, ಪ್ಲೇಯರ್ ಹಾಳು ಮಾಡಿದ್ದು ನಾನು."